13 ದಿನ ತಡೆದು ಕೂಡಿಟ್ಟರೆ ವೀರ್ಯ ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 32 ವರ್ಷ, ಹೆಂಡತಿಗೆ 28. ನಾನು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕುಲುಮೆ ವಿಭಾಗದಲ್ಲಿದ್ದೇನೆ. ಅವಳು ಸುರಪುರದ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್. ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗುತ್ತೇನೆ, ಭಾನುವಾರ ರಾತ್ರಿ ವಾಪಸ್. 14 ತಿಂಗಳಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಅವಳ ಮುಟ್ಟು 30 ದಿನಕ್ಕೆ ಸರಿಯಾಗಿ ಬರುತ್ತದೆ, ಅವಳ ಪರೀಕ್ಷೆಗಳೆಲ್ಲ ನಾರ್ಮಲ್. ನಡುವೆ ವೀರ್ಯ ಕಳೆದುಕೊಳ್ಳಬೇಡ, ಕೂಡಿಟ್ಟುಕೊಂಡು ಹೋದರೆ ಗಟ್ಟಿಯಾಗುತ್ತದೆ ಅಂತ ನಮ್ಮ ದೊಡ್ಡಪ್ಪ ಹೇಳಿದರು. ಹಾಗೇ ಮಾಡುತ್ತಿದ್ದೇನೆ. ಕಳೆದ ತಿಂಗಳು 13 ದಿನ ತಡೆದು ವೀರ್ಯ ಪರೀಕ್ಷೆ ಮಾಡಿಸಿದೆ. ಪ್ರಮಾಣ 4 ಮಿಲಿ, ಒಂದು ಮಿಲಿಗೆ 7 ಕೋಟಿ ವೀರ್ಯಾಣು, ಆದರೆ ಮುಂದಕ್ಕೆ ಚಲಿಸುವವು ಶೇ 24 ಮಾತ್ರ. ಚಲನೆ ಕಡಿಮೆ ಅಂತ ರಿಪೋರ್ಟಿನಲ್ಲಿ ಬರೆದಿದ್ದಾರೆ. ಮದುವೆಗೆ ಮುಂಚೆ ಹಸ್ತಮೈಥುನ ಮಾಡುತ್ತಿದ್ದೆ, ಅದಕ್ಕೇ ಹೀಗಾಯಿತೇ? ಇನ್ನೂ ಜಾಸ್ತಿ ದಿನ ತಡೆಯಬೇಕೇ?

ಉತ್ತರ:

ಬೇಡ. ಇನ್ನೂ ಜಾಸ್ತಿ ದಿನ ತಡೆಯುವುದು ಬೇಡ, ಈಗ ತಡೆಯುತ್ತಿರುವ 13 ದಿನವೇ ಜಾಸ್ತಿಯಾಯಿತು. ಹಸ್ತಮೈಥುನದಿಂದ ಹೀಗಾಗಿಲ್ಲ. ಈ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ಕೊನೆಯ ಎರಡು ಸಾಲು ಓದಿದಾಗ ನೀವು ಎಷ್ಟು ದಿನದಿಂದ ಈ ಚಿಂತೆಯನ್ನು ಒಬ್ಬರೇ ಹೊತ್ತುಕೊಂಡು ಓಡಾಡುತ್ತಿದ್ದೀರಿ ಅನ್ನುವುದು ನನಗೆ ಅರ್ಥವಾಯಿತು. ಇನ್ನೊಂದು ಮಾತೂ ಇದೆ. ನಿಮ್ಮ ಪತ್ರದಲ್ಲಿ ನನಗೆ ದೊಡ್ಡದಾಗಿ ಕಂಡಿದ್ದು ಆ ಶೇ 24 ಅಲ್ಲ, ನಿಮ್ಮ ಶುಕ್ರವಾರದ ಬಸ್ಸು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೊಡ್ಡಪ್ಪನವರ ಮಾತು. ಅವರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಈ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ವೀರ್ಯ ಅಂದರೆ ದೇಹದ ಸಾರ, ಒಂದು ಹನಿ ವೀರ್ಯ ಆಗಬೇಕಾದರೆ ಎಷ್ಟೋ ಹನಿ ರಕ್ತ ಬೇಕು, ಕಳೆದುಕೊಂಡರೆ ಶಕ್ತಿ ಹೋಗುತ್ತದೆ, ಉಳಿಸಿದರೆ ಗಟ್ಟಿಯಾಗುತ್ತದೆ ಅಂತ. ಧಾತು ಹೋಗುತ್ತಿದೆ ಅಂತ ಹೆದರಿ ಬರುವ ಹುಡುಗರನ್ನು ನಾವು ಡಾಕ್ಟರುಗಳು ಇವತ್ತಿಗೂ ನೋಡುತ್ತೇವೆ. ಈ ಹೆದರಿಕೆಯಿಂದ ನಿಜವಾಗಿಯೂ ಸುಸ್ತು, ನಿದ್ದೆಗೇಡು, ಬೇಜಾರು ಬರುತ್ತದೆ. ಮನೋವೈದ್ಯರಾದ ಎನ್. ಎನ್. ವಿಗ್ ಅವರು 1960ರಲ್ಲಿ ಇದಕ್ಕೆ ಧಾತ್ ಸಿಂಡ್ರೋಮ್ ಅಂತ ಹೆಸರನ್ನೇ ಕೊಟ್ಟರು. ಅಂದರೆ ಕಾಯಿಲೆ ಇರುವುದು ಹೆದರಿಕೆಯಲ್ಲಿ, ವೀರ್ಯ ಹೋಗುವುದರಲ್ಲಲ್ಲ.

ಹಾಗಾದರೆ ಒಳಗೆ ನಡೆಯುವುದು ಏನು? ವೀರ್ಯಾಣು ತಯಾರಾಗುವುದು ವೃಷಣದಲ್ಲಿ. ಒಂದು ವೀರ್ಯಾಣು ಶುರುವಿನಿಂದ ಕೊನೆಯವರೆಗೆ ರೂಪುಗೊಳ್ಳಲು ಸುಮಾರು 64 ದಿನ ಬೇಕು. ಆಮೇಲೆ ಅದು ವೃಷಣದ ಹಿಂಭಾಗಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳಕ್ಕೆ ಬರುತ್ತದೆ. ನೋಡಲು ಚಿಕ್ಕದು, ಬಿಡಿಸಿ ಎಳೆದರೆ ಹಲವು ಮೀಟರ್ ಉದ್ದ. ಈ ನಾಳದಲ್ಲಿ ಸಾಗುವಾಗಲೇ ವೀರ್ಯಾಣು ಈಜುವ ಶಕ್ತಿ ಪಡೆಯುವುದು. ನಾಳದ ಕೊನೆಯ ತುದಿಯಲ್ಲಿ ಅವು ಹೊರಗೆ ಹೋಗುವ ತನಕ ಕಾಯುತ್ತವೆ. ಈ ಕೆಲಸಕ್ಕೆ ರಜೆ ಅನ್ನುವುದಿಲ್ಲ. ನೀವು ಊರಿನಲ್ಲಿರಿ, ಬೆಂಗಳೂರಿನಲ್ಲಿರಿ, ನಿದ್ದೆಯಲ್ಲಿರಿ, ದಿನಕ್ಕೆ ಕೋಟಿಗಟ್ಟಲೆ ಹೊಸ ವೀರ್ಯಾಣುಗಳು ತಯಾರಾಗುತ್ತಲೇ ಇರುತ್ತವೆ.

ಈಗ ಯೋಚಿಸಿ. ಹೊಸದು ಬರುತ್ತಲೇ ಇದೆ, ಹಳೆಯದು ಹೊರಗೆ ಹೋಗುತ್ತಿಲ್ಲ. 13 ದಿನದಲ್ಲಿ ಆ ತುದಿಯಲ್ಲಿ ಏನಾಗುತ್ತದೆ? ಸಂಖ್ಯೆ ಹೆಚ್ಚುತ್ತದೆ, ಅದು ನಿಜ. ಪ್ರಮಾಣವೂ ಸ್ವಲ್ಪ ಹೆಚ್ಚುತ್ತದೆ. ಹೆಚ್ಚು ದಿನ ಬಿಟ್ಟು ಬಂದ ವೀರ್ಯ ಜಾಸ್ತಿಯಾಗಿ, ದಪ್ಪವಾಗಿ ಕಾಣುವುದರಿಂದಲೇ ಗಟ್ಟಿಯಾಗುತ್ತದೆ ಅನ್ನುವ ಮಾತು ಹುಟ್ಟಿರಬೇಕು. ಆದರೆ ಅದರಲ್ಲಿ ಹಳೆಯ, ಬಳಲಿದ, ಸತ್ತ ವೀರ್ಯಾಣುಗಳ ಪಾಲು ಜಾಸ್ತಿ. ವೀರ್ಯಾಣುವಿಗೆ ತನ್ನ ಡಿಎನ್‌ಎ ಹಾಳಾದರೆ ರಿಪೇರಿ ಮಾಡಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಕಾಯುತ್ತಾ ಕೂತಷ್ಟೂ ಆಕ್ಸಿಡೇಷನ್‌ನಿಂದ, ಅಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವಂಥ ಕ್ರಿಯೆಯಿಂದ, ಅದಕ್ಕೆ ಪೆಟ್ಟು ಬೀಳುತ್ತದೆ. ನಮ್ಮ ಕಡೆ ದಿನಾ ನೀರು ಸೇದುವ ಬಾವಿಯ ನೀರು ತಿಳಿಯಾಗಿರುತ್ತದೆ, ಸೇದದೆ ಬಿಟ್ಟ ಬಾವಿಯಲ್ಲಿ ಪಾಚಿ ಕಟ್ಟುತ್ತದೆ ಅನ್ನುತ್ತಾರಲ್ಲ, ಇದೂ ಸುಮಾರಾಗಿ ಹಾಗೇ. ಸೇದದ ಬಾವಿಯಲ್ಲಿ ನೀರು ಜಾಸ್ತಿ ಇರಬಹುದು, ಕುಡಿಯಲು ಬರುವುದಿಲ್ಲ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಇಸ್ರೇಲಿನಲ್ಲಿ 6,008 ಗಂಡಸರ 9,489 ವೀರ್ಯ ಮಾದರಿಗಳನ್ನು ಇಟ್ಟುಕೊಂಡು, ಎಷ್ಟು ದಿನ ತಡೆದಿದ್ದರು ಮತ್ತು ಗುಣಮಟ್ಟ ಹೇಗಿತ್ತು ಅಂತ ಹೋಲಿಸಿ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಅಧ್ಯಯನ ಅದು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು: ಸಂಖ್ಯೆ ಕಡಿಮೆ ಇರುವ ಗಂಡಸರಲ್ಲಿ ಚಲನೆ ಅತಿ ಚೆನ್ನಾಗಿದ್ದದ್ದು ಒಂದು ದಿನದೊಳಗೆ ಮತ್ತೆ ಕೊಟ್ಟ ಮಾದರಿಯಲ್ಲಿ. ಆರು ದಿನ ದಾಟಿದ ಮೇಲೆ ಅದು ಇಳಿಯುತ್ತಾ ಹೋಯಿತು. ಅಂದರೆ ನಾವು ಯಾರಿಗೆ, ಪಾಪ, ನಿಮಗೆ ಮೊದಲೇ ಕಡಿಮೆ ಇದೆ, ಉಳಿಸಿಕೊಳ್ಳಿ ಅಂತ ಬುದ್ಧಿ ಹೇಳುತ್ತೇವೋ ಅವರಿಗೇ ಆ ಬುದ್ಧಿಮಾತು ಹೆಚ್ಚು ತೊಂದರೆ ಕೊಡುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡೇವಿಡ್ ಗ್ರೀನಿಂಗ್ ಅನ್ನುವ ವೈದ್ಯರು ಇನ್ನೊಂದು ನೇರವಾದ ಪ್ರಯೋಗ ಮಾಡಿದರು. ವೀರ್ಯಾಣುವಿನ ಡಿಎನ್‌ಎಗೆ ಪೆಟ್ಟು ಬಿದ್ದಿದ್ದ 118 ಗಂಡಸರಿಗೆ ಏಳು ದಿನ ದಿನಾ ಸ್ಖಲನ ಮಾಡಲು ಹೇಳಿದರು. ಔಷಧಿ ಇಲ್ಲ, ಪಥ್ಯ ಇಲ್ಲ. ವಾರ ಮುಗಿದಾಗ ನೂರಕ್ಕೆ 81 ಮಂದಿಯಲ್ಲಿ ಡಿಎನ್‌ಎ ಹಾನಿ ಕಡಿಮೆಯಾಗಿತ್ತು. ಎಲ್ಲರನ್ನೂ ಸೇರಿಸಿ ಸರಾಸರಿ ಶೇ 34 ಇದ್ದ ಹಾನಿ ಶೇ 26ಕ್ಕೆ ಇಳಿದಿತ್ತು. 2009ರಲ್ಲಿ ಇದನ್ನು ಅವರು ಆಮ್‌ಸ್ಟರ್‌ಡ್ಯಾಮ್‌ನ ಸಮ್ಮೇಳನದಲ್ಲಿ ಮಂಡಿಸಿದರು. ಉಳಿದ ನೂರಕ್ಕೆ 19 ಮಂದಿಯಲ್ಲಿ ಹಾನಿ ಕಡಿಮೆಯಾಗುವ ಬದಲು ಹೆಚ್ಚಿತು, ಅದನ್ನೂ ಹೇಳಬೇಕು. ಅವರಲ್ಲಿ ಬೇರೆ ಏನೋ ಕಾರಣ ಇದ್ದಿರಬೇಕು. ಹಾಗಾಗಿ ದಿನಾ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ತಡೆದರೆ ಒಳ್ಳೆಯದಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತ ಹೇಳುತ್ತಿದ್ದೇನೆ.

ಅತಿಯಾಗಿ ಹೋದರೆ ಖಾಲಿಯಾಗುವುದಿಲ್ಲವೇ ಅಂತ ನೀವು ಕೇಳಬಹುದು. ದಿನಾ ಸ್ಖಲನವಾದರೆ ಪ್ರಮಾಣ ಕಡಿಮೆಯಾಗುತ್ತದೆ, ಒಂದು ಸಲಕ್ಕೆ ಬರುವ ವೀರ್ಯಾಣುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಆದರೆ ಆರೋಗ್ಯವಾಗಿರುವ ಗಂಡಸಿನಲ್ಲಿ ಅದು ಬಸಿರು ನಿಲ್ಲಲು ಸಾಲದಷ್ಟು ಇಳಿಯುವುದಿಲ್ಲ. ತೆಳ್ಳಗೆ ಕಂಡರೂ ಹೆದರಬೇಡಿ. ವೀರ್ಯದ ಬಹುಪಾಲು ದ್ರವ ಬರುವುದು ವೃಷಣದಿಂದಲ್ಲ, ಒಳಗಿನ ಬೇರೆ ಗ್ರಂಥಿಗಳಿಂದ. ಬರಿಗಣ್ಣಿಗೆ ಕಾಣುವ ದಪ್ಪಕ್ಕೂ ವೀರ್ಯಾಣುವಿನ ಶಕ್ತಿಗೂ ಸಂಬಂಧ ಇಲ್ಲ.

ಇಷ್ಟರ ಮೇಲೆ ಹಸ್ತಮೈಥುನದ ಪ್ರಶ್ನೆಗೆ ಬೇರೆ ಉತ್ತರ ಬೇಕೇ? ಮದುವೆಗೆ ಮುಂಚೆ ಅಂದರೆ ಕನಿಷ್ಠ 14 ತಿಂಗಳಿಗೂ ಹಿಂದೆ. ಇವತ್ತು ನಿಮ್ಮಲ್ಲಿರುವ ವೀರ್ಯಾಣುಗಳು ಎರಡೂವರೆ, ಮೂರು ತಿಂಗಳ ಹಿಂದೆ ತಯಾರಾಗಲು ಶುರುವಾದವು. ಆಗಿನದ್ದು ಒಂದೂ ಈಗ ಇಲ್ಲ. ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ಇನ್ನು ನಿಮ್ಮ ರಿಪೋರ್ಟು. ವಿಶ್ವ ಆರೋಗ್ಯ ಸಂಸ್ಥೆಯ ನಿಯಮದಂತೆ ಈ ಪರೀಕ್ಷೆಗೆ ಮುಂಚೆ ಕನಿಷ್ಠ ಎರಡು ದಿನ, ಗರಿಷ್ಠ ಏಳು ದಿನ ತಡೆಯಬೇಕು. ನೀವು ತಡೆದದ್ದು 13. ಲ್ಯಾಬಿನವರು ಎಷ್ಟು ದಿನವಾಯಿತು ಅಂತ ಕೇಳಬೇಕಿತ್ತು, ಕೇಳಿ ವಾಪಸ್ ಕಳಿಸಬೇಕಿತ್ತು. ಕೇಳದೆ ಪರೀಕ್ಷೆ ಮಾಡಿ, ಚಲನೆ ಕಡಿಮೆ ಅಂತ ಬರೆದುಕೊಟ್ಟರೆ ಒಬ್ಬ ಮನುಷ್ಯನ ಒಂದು ತಿಂಗಳ ನಿದ್ದೆ ಹೋಗುತ್ತದೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ವಾರಕ್ಕೆ ಒಂದಾದರೂ ಇಂಥ ರಿಪೋರ್ಟು ನನ್ನ ಮೇಜಿನ ಮೇಲೆ ಬರುತ್ತದೆ.

2021ರಲ್ಲಿ ಬಂದ ಸಂಸ್ಥೆಯ ಆರನೇ ಆವೃತ್ತಿಯ ಕೈಪಿಡಿ ಕೊಡುವ ಕೆಳಗಿನ ಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿ, ಒಂದು ಮಿಲಿಗೆ 1 ಕೋಟಿ 60 ಲಕ್ಷ, ಒಟ್ಟು 3 ಕೋಟಿ 90 ಲಕ್ಷ, ಮುಂದಕ್ಕೆ ಚಲಿಸುವವು ಶೇ 30, ಸರಿಯಾದ ಆಕಾರದವು ಶೇ 4. ಹೌದು, ನಾಲ್ಕೇ. ನೂರಕ್ಕೆ ನಾಲ್ಕು ಸರಿ ಇದ್ದರೂ ಸಾಕು, ಎಷ್ಟೋ ಜನ ಆ ಸಾಲು ನೋಡಿಯೇ ಕುಸಿದುಹೋಗುತ್ತಾರೆ. ಈ ಮಿತಿಗಳನ್ನು ತೆಗೆದದ್ದು ಒಂದು ವರ್ಷದೊಳಗೆ ಹೆಂಡತಿಗೆ ಬಸಿರು ನಿಂತ ಗಂಡಸರ ಮಾದರಿಗಳಿಂದ. ಅವರಲ್ಲಿ ಅತಿ ಕೆಳಗಿದ್ದ ಶೇ 5 ಮಂದಿಯ ಗೆರೆ ಅದು. ಅಂದರೆ ಈ ಗೆರೆಗಿಂತ ಕೆಳಗಿದ್ದೂ ತಂದೆಯಾದವರು ಆ ಪಟ್ಟಿಯಲ್ಲೇ ಇದ್ದಾರೆ.

ನಿಮ್ಮದನ್ನು ಲೆಕ್ಕ ಹಾಕೋಣ. 4 ಮಿಲಿ, ಮಿಲಿಗೆ 7 ಕೋಟಿ, ಒಟ್ಟು 28 ಕೋಟಿ. ಅದರಲ್ಲಿ ಶೇ 24 ಮುಂದಕ್ಕೆ ಚಲಿಸಿದರೂ 6 ಕೋಟಿ 70 ಲಕ್ಷ ಚೆನ್ನಾಗಿ ಈಜುವ ವೀರ್ಯಾಣುಗಳಿವೆ. ಇದು ಕಡಿಮೆ ಅಲ್ಲ. 13 ದಿನ ಕೂತ ಮಾದರಿಯಲ್ಲಿ ಈ ಸಂಖ್ಯೆ ಬಂದಿದೆ ಅಂದರೆ ನಿಮ್ಮ ಕಾರ್ಖಾನೆ ಚೆನ್ನಾಗಿಯೇ ನಡೆಯುತ್ತಿದೆ, ಗೋದಾಮು ಖಾಲಿಯಾಗುತ್ತಿಲ್ಲ ಅಷ್ಟೇ ಅಂತ ನನಗೆ ಅನ್ನಿಸುತ್ತದೆ. ಆದರೂ ಒಂದು ರಿಪೋರ್ಟಿನ ಮೇಲೆ ಏನನ್ನೂ ತೀರ್ಮಾನಿಸಬಾರದು. ಒಬ್ಬನೇ ಗಂಡಸಿನ ಎರಡು ಮಾದರಿಗಳ ನಡುವೆ ಬಹಳ ವ್ಯತ್ಯಾಸ ಬರುತ್ತದೆ. ಪರೀಕ್ಷೆಯನ್ನು ಮತ್ತೆ ಮಾಡಿಸಿ, ಈ ಸಲ ಮೂರು ದಿನ ಮಾತ್ರ ತಡೆದು. ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದ ಒಯ್ಯುವುದಾದರೆ ಅವರೇ ಕೊಟ್ಟ ಡಬ್ಬಿಯಲ್ಲಿ, ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು, ಒಂದು ಗಂಟೆಯೊಳಗೆ ತಲುಪಿಸಿ. ಮೊದಲು ಬರುವ ಹನಿಗಳಲ್ಲೇ ವೀರ್ಯಾಣು ಹೆಚ್ಚಿರುತ್ತವೆ, ಅವು ಹೊರಗೆ ಚೆಲ್ಲಿದರೆ ಲೆಕ್ಕ ತಪ್ಪುತ್ತದೆ. ಚೆಲ್ಲಿದ್ದರೆ ಸಂಕೋಚ ಬಿಟ್ಟು ಹೇಳಿಬಿಡಿ. ಕಾಂಡೋಮಿನಲ್ಲಿ ಸಂಗ್ರಹಿಸಬೇಡಿ, ಮಾಮೂಲಿ ಕಾಂಡೋಮಿನ ರಬ್ಬರು ಮತ್ತು ಜಿಡ್ಡು ವೀರ್ಯಾಣುವಿನ ಚಲನೆಯನ್ನು ಕೆಡಿಸುತ್ತವೆ.

ಎರಡನೇ ಪರೀಕ್ಷೆಯಲ್ಲೂ ಚಲನೆ ಕಡಿಮೆ ಬಂದರೆ ಆಗ ಬೇರೆ ಕಾರಣ ಹುಡುಕೋಣ. ವೃಷಣದ ಸುತ್ತ ರಕ್ತನಾಳ ಉಬ್ಬಿಕೊಳ್ಳುವ ವೆರಿಕೋಸೀಲ್ ಇದೆಯೇ, ಸೋಂಕು ಇದೆಯೇ ಅಂತ ಪರೀಕ್ಷೆ ಮಾಡಿ ನೋಡಬೇಕಾಗುತ್ತದೆ. ಅಲ್ಲಿಯವರೆಗೆ ದುಬಾರಿ ಮಾತ್ರೆ, ಪುಡಿಗಳಿಗೆ ದುಡ್ಡು ಹಾಕಬೇಡಿ. ಸತು ಮತ್ತು ಫೋಲಿಕ್ ಆಸಿಡ್ ಗಂಡಸರಿಗೆ ಕೊಟ್ಟರೆ ಮಗುವಾಗುವ ಸಾಧ್ಯತೆ ಹೆಚ್ಚುತ್ತದೆಯೇ ಅಂತ ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ದೊಡ್ಡ ಪ್ರಯೋಗವೇ ನಡೆಯಿತು. 2020ರಲ್ಲಿ ಫಲಿತಾಂಶ ಬಂತು. ಹೆಚ್ಚಲಿಲ್ಲ.

ನೀವು ಕುಲುಮೆ ವಿಭಾಗ ಅಂದಿರಿ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವೃಷಣಗಳು ದೇಹದ ಹೊರಗೆ ಚೀಲದಲ್ಲಿ ತೂಗುತ್ತಿರುವುದೇ ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪಾಗಿರಲಿ ಅಂತ. ಎಂಟು ಗಂಟೆ ಕುಲುಮೆಯ ಮುಂದೆ, ಅದರ ಮೇಲೆ ಬಿಗಿಯಾದ ಒಳಉಡುಪು, ದಪ್ಪ ಪ್ಯಾಂಟು ಅಂದರೆ ಆ ತಂಪು ಸಿಗುವುದಿಲ್ಲ. ಸಾಧ್ಯವಾದರೆ ಮೂರು ತಿಂಗಳ ಮಟ್ಟಿಗೆ ಬೇರೆ ವಿಭಾಗ ಕೇಳಿ ನೋಡಿ. ಆಗದಿದ್ದರೆ ಸಡಿಲವಾದ ಹತ್ತಿ ಚಡ್ಡಿ, ನಡುನಡುವೆ ಹೊರಗೆ ಬಂದು ಗಾಳಿಗೆ ನಿಲ್ಲುವುದು, ಸ್ನಾನಕ್ಕೆ ಸುಡುಸುಡು ನೀರಿನ ಬದಲು ಉಗುರುಬೆಚ್ಚಗಿನ ನೀರು. ಯಾಕೆ ಮೂರು ತಿಂಗಳು ಅಂದರೆ, ಮೇಲೆ ಹೇಳಿದ ಆ 64 ದಿನ ಮತ್ತು ನಾಳದಲ್ಲಿ ಸಾಗುವ ದಿನಗಳು ಸೇರಿ ಅಷ್ಟಾಗುತ್ತದೆ. ಇವತ್ತು ಮಾಡಿದ ಬದಲಾವಣೆ ರಿಪೋರ್ಟಿನಲ್ಲಿ ಕಾಣುವುದು ಆಗಲೇ. ಕಳೆದ ಎರಡು ಮೂರು ತಿಂಗಳಲ್ಲಿ ಡೆಂಗಿಯಂಥ ಜೋರು ಜ್ವರ ಬಂದಿದ್ದರೆ ಅದೂ ಚಲನೆಯನ್ನು ಇಳಿಸಿರಬಹುದು, ನೆನಪು ಮಾಡಿಕೊಳ್ಳಿ. ಬೀಡಿ, ಸಿಗರೇಟು, ಗುಟ್ಕಾ ಇದ್ದರೆ ಬಿಡಿ. ಇನ್ನೊಂದು, ನೀವು ಬರೆದಿಲ್ಲ ಆದರೆ ನಿಮ್ಮ ವಯಸ್ಸಿನವರಲ್ಲಿ ಈಗ ಜಾಸ್ತಿ ನೋಡುತ್ತಿದ್ದೇನೆ: ಜಿಮ್‌ನಲ್ಲಿ ಮೈ ಕಟ್ಟಲು ಟೆಸ್ಟೋಸ್ಟಿರಾನ್ ಚುಚ್ಚುಮದ್ದು ತೆಗೆದುಕೊಳ್ಳುವುದು. ಗಂಡಸುತನದ ಹಾರ್ಮೋನು ಅಲ್ವಾ, ಒಳ್ಳೆಯದೇ ಇರಬೇಕು ಅಂದುಕೊಳ್ಳುತ್ತಾರೆ. ಹೊರಗಿನಿಂದ ಅದು ಬಂದ ಕೂಡಲೇ ಮೆದುಳು ವೃಷಣಕ್ಕೆ ಕೆಲಸ ಮಾಡು ಅಂತ ಹೇಳುವುದನ್ನೇ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ನೀವೋ ನಿಮ್ಮ ಗೆಳೆಯರೋ ಯಾರೇ ಆಗಲಿ, ಮಗು ಬೇಕಿದ್ದರೆ ಅದರ ಹತ್ತಿರ ಹೋಗಬಾರದು.

ಈಗ ಶುಕ್ರವಾರದ ಬಸ್ಸಿಗೆ ಬರೋಣ.

ಹೆಣ್ಣಿನ ದೇಹದಲ್ಲಿ ಬಿಡುಗಡೆಯಾದ ಅಂಡಾಣು ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಒಳಗೆ ಹೋದ ಮೇಲೆ ಅನುಕೂಲವಾದ ದಿನಗಳಲ್ಲಿ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಬಸಿರು ನಿಲ್ಲುವ ದಿನಗಳು ಅಂದರೆ ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕಿಂತ ಹಿಂದಿನ ಐದು ದಿನ, ಒಟ್ಟು ಆರು. ಅಮೆರಿಕದಲ್ಲಿ ವಿಲ್ಕಾಕ್ಸ್ ಮತ್ತು ಸಂಗಡಿಗರು ಮಗುವಿಗಾಗಿ ಪ್ರಯತ್ನಿಸುತ್ತಿದ್ದ 221 ಹೆಂಗಸರನ್ನು ದಿನದಿನವೂ ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಂಪತಿ ಸೇರಿದ ದಿನ ಈ ಆರರಲ್ಲಿ ಒಂದಾಗಿದ್ದಾಗ ಮಾತ್ರ ಬಸಿರು ನಿಂತಿತ್ತು. ಐದು ದಿನ ಮುಂಚೆ ಸೇರಿದರೆ ಸಾಧ್ಯತೆ ಸುಮಾರು ಶೇ 10, ಅದೇ ದಿನವಾದರೆ ಸುಮಾರು ಶೇ 33. ಅಂಡ ಬಿಡುಗಡೆಯಾಗಿ ಮಾರನೆಯ ದಿನ ಸೇರಿದರೆ ಇಲ್ಲವೇ ಇಲ್ಲ ಅನ್ನುವಷ್ಟು. ಅದೇ ಲೆಕ್ಕದಿಂದ ಇನ್ನೊಂದೂ ತಿಳಿಯಿತು. ದಿನಾ ಸೇರುವವರಿಗೆ ಒಂದು ಋತುಚಕ್ರದಲ್ಲಿ ಸಾಧ್ಯತೆ ಶೇ 37, ದಿನ ಬಿಟ್ಟು ದಿನ ಸೇರುವವರಿಗೆ ಶೇ 33, ವಾರಕ್ಕೊಮ್ಮೆ ಸೇರುವವರಿಗೆ ಶೇ 15. ದಿನಾ ಮತ್ತು ದಿನ ಬಿಟ್ಟು ದಿನ, ಇವೆರಡರ ನಡುವಿನ ಅಂತರ ನೋಡಿ, ಎಷ್ಟು ಚಿಕ್ಕದು. ವಾರಕ್ಕೊಮ್ಮೆಗೆ ಬಂದ ಕೂಡಲೇ ಅರ್ಧಕ್ಕಿಂತ ಕೆಳಗೆ ಬಿತ್ತು. ನಿಮ್ಮದು ಎರಡು ವಾರಕ್ಕೊಮ್ಮೆ.

ನಿಮ್ಮ ಹೆಂಡತಿಯ ಮುಟ್ಟು 30 ದಿನಕ್ಕೆ ಅಂದರೆ ಅಂಡ ಬಿಡುಗಡೆ ಸುಮಾರು 16ನೇ ದಿನ. ಮುಂದಿನ ಮುಟ್ಟಿನಿಂದ 14 ದಿನ ಹಿಂದಕ್ಕೆ ಎಣಿಸಬೇಕು, ಮುಟ್ಟಾದ ದಿನದಿಂದ 14 ಅಲ್ಲ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಹಾಗಾದರೆ 11ರಿಂದ 16ರವರೆಗೆ ಆರು ದಿನ. ನೀವು ಊರಿನಲ್ಲಿರುವುದು 14 ದಿನಕ್ಕೆ ಎರಡು ದಿನ, ಶನಿವಾರ ಮತ್ತು ಭಾನುವಾರ. ನಾನು ಕ್ಯಾಲೆಂಡರ್ ಹಿಡಿದು ಕೂತು ಎಣಿಸಿದೆ. ನಿಮ್ಮ ಎರಡು ದಿನಗಳಲ್ಲಿ ಒಂದಾದರೂ ಆ ಆರು ದಿನಗಳ ಮೇಲೆ ಬೀಳುವ ಸಾಧ್ಯತೆ ಸರಿಯಾಗಿ ಅರ್ಧ. ಅದೂ ಒಂದು ತಿಂಗಳು ಸಿಕ್ಕಿ ಮುಂದಿನ ತಿಂಗಳು ತಪ್ಪುವುದಲ್ಲ. 30 ದಿನದ ಚಕ್ರ ಮತ್ತು 14 ದಿನದ ಪಾಳಿ ಒಂದಕ್ಕೊಂದು ಎರಡೆರಡು ದಿನ ಜರುಗುತ್ತಾ ಹೋಗುವುದರಿಂದ ಸತತವಾಗಿ ಮೂರು ನಾಲ್ಕು ತಿಂಗಳು ಪೂರ್ತಿ ತಪ್ಪಿಹೋಗುತ್ತದೆ, ಆಮೇಲೆ ಮೂರು ನಾಲ್ಕು ತಿಂಗಳು ಸಿಗುತ್ತದೆ. ಅಂದರೆ ನೀವು 14 ತಿಂಗಳು ಪ್ರಯತ್ನಿಸಿದ್ದೇವೆ ಅಂತ ಬರೆದಿದ್ದೀರಿ, ನಿಜಕ್ಕೂ ಅವಕಾಶ ಇದ್ದದ್ದು ಸುಮಾರು ಏಳು ತಿಂಗಳು. ಆ ಏಳರಲ್ಲೂ ಕೆಲವು ಸಲ ನೀವು ತಲುಪಿದ್ದು 11 ಅಥವಾ 12ನೇ ದಿನ, ಸಾಧ್ಯತೆ ಕಡಿಮೆ ಇರುವ ಅಂಚಿನ ದಿನ. ಅಷ್ಟೂ ಸಲ ನೀವು ಒಯ್ದದ್ದು 13 ದಿನ ಕೂತಿದ್ದ ವೀರ್ಯ, ಐದು ದಿನ ಬದುಕುವ ಹುರುಪು ಅದರಲ್ಲಿ ಕಡಿಮೆ.

ಇದನ್ನು ದಯವಿಟ್ಟು ನಿಮ್ಮ ಹೆಂಡತಿಗೂ ಓದಿ ಹೇಳಿ. ವರ್ಷ ದಾಟಿದರೂ ಇನ್ನೂ ಏನೂ ಇಲ್ಲವೇ ಅನ್ನುವ ಪ್ರಶ್ನೆ ಅಲ್ಲಿ ಮೊದಲು ಬೀಳುವುದು ಅವರ ಮೇಲೆ, ನಿಮ್ಮ ಮೇಲಲ್ಲ. ನೀವು ಬೆಂಗಳೂರಿನಲ್ಲಿರುತ್ತೀರಿ, ಅವರು ಅದೇ ಓಣಿಯಲ್ಲಿ ದಿನಾ ಓಡಾಡಬೇಕು.

ಹಾಗಾದರೆ ಏನು ಮಾಡಬೇಕು? ಊರಿಗೆ ಹೋಗುವ ವಾರ ಬುಧವಾರ ಅಥವಾ ಗುರುವಾರ ಒಂದು ಸಲ ಸ್ಖಲನ ಮಾಡಿ. ಹಸ್ತಮೈಥುನದಿಂದಲೇ, ಬೇರೆ ದಾರಿ ಇಲ್ಲವಲ್ಲ. ಅದರ ಹಿಂದಿನ ವಾರವೂ ಮೂರು ನಾಲ್ಕು ದಿನಕ್ಕೊಮ್ಮೆ ಆಗಲಿ. ಇದನ್ನು ತಪ್ಪು ಕೆಲಸ ಅಂತ ಅಲ್ಲ, ಡಾಕ್ಟರು ಬರೆದುಕೊಟ್ಟ ಔಷಧಿ ಅಂತಲೇ ತಿಳಿದುಕೊಳ್ಳಿ. ಶನಿವಾರ ಒಂದು ಸಲ, ಭಾನುವಾರ ಒಂದು ಸಲ ಸೇರಿ. ಶನಿವಾರವೇ ಎಲ್ಲ ಮುಗಿಯಿತು, ಭಾನುವಾರ ನೀರಾಗಿರುತ್ತದೆ ಅಂದುಕೊಳ್ಳಬೇಡಿ. ಎರಡನೆಯ ಸಲ ಬರುವುದರಲ್ಲಿ ಸಂಖ್ಯೆ ಕಡಿಮೆ ಇದ್ದರೂ ಅವು ಹೊಸ ವೀರ್ಯಾಣುಗಳು, ಚಲನೆ ಎಷ್ಟೋ ಸಲ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆ ಮಾಡುವ ಕೆಲವು ಕಡೆ, ಬೇಕೆಂದೇ ಒಂದೆರಡು ಗಂಟೆ ಬಿಟ್ಟು ಎರಡನೇ ಮಾದರಿ ಕೇಳಿ ಅದನ್ನೇ ಬಳಸುವುದುಂಟು.

ಅದಕ್ಕಿಂತ ದೊಡ್ಡದು ದಿನ ಹೊಂದಿಸುವುದು. ಎರಡು ವಾರಕ್ಕೊಮ್ಮೆ ಅನ್ನುವ ಲೆಕ್ಕ ಬಿಟ್ಟು ಅವರ ಮುಟ್ಟಿನ ಲೆಕ್ಕ ಹಿಡಿಯಿರಿ. ಮುಟ್ಟಾದ ಮೊದಲ ದಿನ ಅವರು ನಿಮಗೆ ಫೋನ್ ಮಾಡಲಿ. ಅಲ್ಲಿಂದ 13ರಿಂದ 16ನೇ ದಿನದ ನಡುವೆ ನೀವು ಅಲ್ಲಿರಬೇಕು. ತಿಂಗಳಿಗೆ ಎರಡು ಸಲ ಎರಡೆರಡು ದಿನ ಹೋಗುವ ಬದಲು ಒಂದೇ ಸಲ ರಜೆ ಸೇರಿಸಿ ನಾಲ್ಕು ದಿನ ಹೋದರೆ ನಿಮ್ಮ ಸಾಧ್ಯತೆ ಎಷ್ಟೋ ಪಾಲು ಹೆಚ್ಚುತ್ತದೆ. ಮೆಡಿಕಲ್ ಶಾಪಿನಲ್ಲಿ ಓವ್ಯುಲೇಷನ್ ಕಿಟ್ ಸಿಗುತ್ತದೆ, ಪ್ರೆಗ್ನೆನ್ಸಿ ಕಿಟ್‌ನಂತೆಯೇ ಮೂತ್ರದಲ್ಲಿ ನೋಡುವುದು. 11ನೇ ದಿನದಿಂದ ದಿನಾ ನೋಡಲಿ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾದರೆ ಒಂದು, ಒಂದೂವರೆ ದಿನದಲ್ಲಿ ಅಂಡ ಬಿಡುಗಡೆ. ಆದರೆ ಗೆರೆ ಬಂದ ಮೇಲೆ ನೀವು ಪೀಣ್ಯದಿಂದ ಹೊರಟರೆ ತಡವಾಗಬಹುದು, ಅದಕ್ಕೇ ದಿನಗಳ ಲೆಕ್ಕವೂ ಬೇಕು. ಕಿಟ್ ಇಲ್ಲದೆಯೂ ಒಂದು ಗುರುತಿದೆ: ಆ ದಿನಗಳಲ್ಲಿ ಬಿಳಿ ಸ್ರಾವ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಬೆರಳಲ್ಲಿ ಎಳೆದರೆ ಎಳೆಯಾಗಿ ಬರುತ್ತದೆ. ಅದು ವೀರ್ಯಾಣುವಿಗೆ ದಾರಿ ಮಾಡಿಕೊಡುವ ಸ್ರಾವ.

ಅವರು ಟೀಚರ್ ಆಗಿರುವುದು ನಿಮಗೆ ದೊಡ್ಡ ಅನುಕೂಲ. ದಸರಾ ರಜೆ, ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆ ಅವರು ನಿಮ್ಮ ಜೊತೆ ಬೆಂಗಳೂರಿನಲ್ಲಿ ಇರಲಿ. ಬೇಸಿಗೆ ರಜೆಯಲ್ಲಿ ಒಂದು ಚಕ್ರ ಪೂರ್ತಿ ಸಿಗುತ್ತದೆ, ಅದೃಷ್ಟ ಇದ್ದರೆ ಎರಡು. ಒಟ್ಟಿಗೆ ಇರುವಾಗ ದಿನ ಎಣಿಸುವುದನ್ನೇ ಬಿಟ್ಟುಬಿಡಿ. ದಿನ ಬಿಟ್ಟು ದಿನ ಸೇರಿ, ಮನಸ್ಸಿದ್ದರೆ ದಿನಾ, ಬೇಡ ಅನ್ನಿಸಿದ ದಿನ ಬೇಡ. ಇವತ್ತು 14ನೇ ದಿನ, ಮಾಡಲೇಬೇಕು ಅನ್ನುವ ಒತ್ತಡದಲ್ಲಿ ಎಷ್ಟೋ ಗಂಡಸರಿಗೆ ನಿಮಿರುವಿಕೆಯೇ ಆಗುವುದಿಲ್ಲ. ಹಾಗಾದರೆ ಅದು ಕಾಯಿಲೆ ಅಲ್ಲ, ಒತ್ತಡ. ಆ ದಿನ ಬಿಟ್ಟು ಮಾರನೆಯ ದಿನ ನೋಡಿ, ಆರು ದಿನ ಇದೆಯಲ್ಲ.

ಸಣ್ಣಪುಟ್ಟ ಅನುಮಾನಗಳಿಗೆ ಬೇಗ ಹೇಳಿಬಿಡುತ್ತೇನೆ. ಸೇರಿದ ಮೇಲೆ ವೀರ್ಯ ಹೊರಗೆ ಹರಿಯುವುದು ಸಹಜ, ಹೋಗಬೇಕಾದ ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಒಳಗೆ ಹೋಗಿರುತ್ತವೆ. ಕಾಲು ಮೇಲೆತ್ತಿ ಗಂಟೆಗಟ್ಟಲೆ ಮಲಗುವುದು ಬೇಡ. ಯಾವ ಭಂಗಿ ಅನ್ನುವುದು ಮುಖ್ಯವಲ್ಲ. ಎಂಜಲು ಮತ್ತು ಅಂಗಡಿಯಲ್ಲಿ ಸಿಗುವ ಬಹಳಷ್ಟು ಜಾರಿಕೆಯ ಜೆಲ್‌ಗಳು ವೀರ್ಯಾಣುವಿನ ಚಲನೆ ಕೆಡಿಸುತ್ತವೆ, ಆ ದಿನಗಳಲ್ಲಿ ಬಳಸಬೇಡಿ. ನಿಮ್ಮ ಹೆಂಡತಿ ಈಗಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳಲಿ. ಗಂಡಸಿಗೆ ಅದರಿಂದ ಉಪಯೋಗ ಕಾಣಲಿಲ್ಲ ಅಂತ ಮೇಲೆ ಹೇಳಿದೆ, ಆದರೆ ತಾಯಿಗೆ ಬೇಕೇ ಬೇಕು, ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯಲು.

ಸಾಮಾನ್ಯವಾಗಿ ಹೆಂಡತಿಗೆ 35 ದಾಟದಿದ್ದರೆ ಒಂದು ವರ್ಷ ಪ್ರಯತ್ನಿಸಿ ಆಮೇಲೆ ಡಾಕ್ಟರನ್ನು ನೋಡಿ ಅನ್ನುತ್ತೇವೆ, 35 ದಾಟಿದ್ದರೆ ಆರು ತಿಂಗಳು ಸಾಕು. ನಿಮ್ಮದು ಲೆಕ್ಕದಲ್ಲಿ 14 ತಿಂಗಳಾದರೂ ನಿಜವಾದ ಪ್ರಯತ್ನ ಅದರ ಅರ್ಧ. ಹಾಗಾಗಿ ಐವಿಎಫ್ ಅಂತ ಯಾರಾದರೂ ಈಗಲೇ ಹೇಳಿದರೆ ಒಪ್ಪಿಕೊಳ್ಳಬೇಡಿ. ಮೂರು ದಿನ ಮಾತ್ರ ತಡೆದು ಎರಡನೇ ವೀರ್ಯ ಪರೀಕ್ಷೆ ಮಾಡಿಸಿ, ಇನ್ನು ಆರು ತಿಂಗಳು ಮೇಲೆ ಹೇಳಿದ ಹಾಗೆ ದಿನ ಹೊಂದಿಸಿ ನೋಡಿ. ಎರಡನೇ ಪರೀಕ್ಷೆಯಲ್ಲಿ ಸಂಖ್ಯೆ ಬಹಳ ಕಡಿಮೆ ಬಂದರೆ, ಚಲನೆ ಮತ್ತೆ ಕಡಿಮೆ ಬಂದರೆ ಅಥವಾ ವೃಷಣದಲ್ಲಿ ನೋವು, ಊತ, ಗಂಟು ಏನಾದರೂ ಇದ್ದರೆ ಮಾತ್ರ ಆರು ತಿಂಗಳು ಕಾಯದೆ ಹತ್ತಿರದ ಯುರಾಲಜಿಸ್ಟ್, ಅಂದರೆ ಮೂತ್ರಾಂಗ ಮತ್ತು ಗಂಡಸರ ಜನನಾಂಗದ ತಜ್ಞರ ಹತ್ತಿರ ಹೋಗಿ.

ಎರಡನೇ ರಿಪೋರ್ಟ್ ಬಂದ ಮೇಲೆ ನನಗೆ ಬರೆಯಿರಿ. ಎಷ್ಟು ದಿನ ತಡೆದಿದ್ದಿರಿ, ಮಾದರಿ ಕೊಟ್ಟು ಎಷ್ಟು ಹೊತ್ತಿಗೆ ಲ್ಯಾಬಿಗೆ ತಲುಪಿತು, ಹಿಂದಿನ ಮೂರು ತಿಂಗಳಲ್ಲಿ ಜ್ವರ ಬಂದಿತ್ತೇ, ಈ ಮೂರನ್ನೂ ಪತ್ರದಲ್ಲೇ ಬರೆದಿರಿ. ನಿಮ್ಮ ಮನೆಯವರ ಕಳೆದ ಮೂರು ಮುಟ್ಟಿನ ತಾರೀಖುಗಳೂ ಇರಲಿ, ಮುಂದಿನ ರಜೆಗೆ ಯಾವ ಶುಕ್ರವಾರದ ಬಸ್ಸು ಹಿಡಿಯಬೇಕು ಅಂತ ನಾವಿಬ್ಬರೂ ಕೂಡಿಯೇ ಎಣಿಸೋಣ.